ನನ್ನ ನೋಟ್‌ಬುಕ್‌ನಲ್ಲಿ ಇಡೀ ಬೀದಿಯ ಪಾಸ್‌ವರ್ಡ್ ಇದೆ

(1/6)

ಫೋಟೋದಲ್ಲಿರೋದು ನನ್ನ ಕಾಸ್ಟ್ ಅಕೌಂಟಿಂಗ್ ನೋಟ್‌ಬುಕ್. ಕೊನೇ ನಾಲ್ಕು ಪುಟ ಬೇಕಂತಲೇ ಬ್ಲರ್ ಮಾಡಿದೀನಿ. ಅಲ್ಲಿ ಕಾಸ್ಟ್ ಶೀಟ್ ಇಲ್ಲ. ಕೊಳ್ಳೇಗಾಲದ ನಮ್ಮ ಬೀದಿಯ ಹನ್ನೊಂದು ಜನರ ಯೂಸರ್ ಐಡಿ, ಪಾಸ್‌ವರ್ಡ್, ಯಾವ ಬ್ಯಾಂಕಿಗೆ ಯಾವ ನಂಬರ್ ಲಿಂಕ್ ಆಗಿದೆ ಅನ್ನೋದೆಲ್ಲ ಇದೆ. ಯಾರೂ ಕದ್ದು ಕೊಟ್ಟಿದ್ದಲ್ಲ. ಅವರೇ ಬಂದು, ಕಾಫಿ ಕುಡಿದು, ಬರೆಸಿಟ್ಟು ಹೋಗಿರೋದು.

ಹನೂರು ಕಡೆ ಹಳ್ಳಿಯಲ್ಲಿರೋ ನಮ್ಮಜ್ಜಿದು ಮೊದಲನೇ ಹೆಸರು. ಅಜ್ಜಿಗೆ ಓದೋಕೆ ಬರಲ್ಲ. ಆದ್ರೆ ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸ್ತಾಳೆ, ಎರಡೆರಡು ನಿಮಿಷದ್ದು. ಅದೇ ಅಜ್ಜಿ ಒಂದು ಪಹಣಿ ಬೇಕು ಅಂದ್ರೆ ಬಸ್ ಹತ್ತಿ ಹನೂರಿಗೆ ಬರಬೇಕು, ಇಲ್ಲಾಂದ್ರೆ ನನಗೆ ಒಟಿಪಿ ಹೇಳಬೇಕು. ಒಟಿಪಿ ಯಾರಿಗೂ ಹೇಳ್ಬೇಡಜ್ಜಿ ಅಂತ ನಾನೇ ಹೇಳ್ಕೊಟ್ಟಿದ್ದೆ. ಅವಳ ಉತ್ತರ: "ನೀನೇನ್ ಯಾರೋನಾ ಕನವ್ವ?"

ಹಳ್ಳಿ ಜನಕ್ಕೆ ಡಿಜಿಟಲ್ ಬರಲ್ಲ ಅಂತ ಮಾತಾಡೋರು ಮೊದಲು ಇದನ್ನ ಕೇಳಿಸ್ಕೊಳ್ಳಿ. ಅಜ್ಜಿಗೆ ಫೋನ್ ಬರುತ್ತೆ. ನಮ್ಮ ವೆಬ್‌ಸೈಟ್‌ಗಳಿಗೆ ಅಜ್ಜಿ ಬರಲ್ಲ.

(2/6)

ಇದಕ್ಕೆ ಈಗ ಎಲ್ಲರ ಬಾಯಲ್ಲೂ ಒಂದೇ ಉತ್ತರ. "ಎಲ್ಲಾನೂ ವಾಟ್ಸಾಪ್‌ಗೆ ಹಾಕ್ಬಿಡ್ಲಿ, ಮುಗೀತು." ಕ್ಲಾಸಲ್ಲೂ ಇದೇ, ಬಸ್ ಸ್ಟ್ಯಾಂಡಲ್ಲೂ ಇದೇ.

ಸುಮ್ನೆ ಹೇಳೋ ಮಾತಲ್ಲ ಅದು. 2022ರ ನವೆಂಬರ್ 1ರಿಂದ ಬೆಂಗಳೂರಲ್ಲಿ ನಮ್ಮ ಮೆಟ್ರೋ ಟಿಕೆಟ್ ವಾಟ್ಸಾಪ್‌ನಲ್ಲಿ ಸಿಗ್ತಿದೆ. ಪಕ್ಕದ ಆಂಧ್ರಪ್ರದೇಶ 2025ರ ಜನವರಿ 30ಕ್ಕೆ 'ಮನ ಮಿತ್ರ' ಅಂತ ಶುರು ಮಾಡ್ತು, ಮೊದಲ ದಿನವೇ 161 ಸೇವೆ. ಕರ್ನಾಟಕ ಏನು ಹಿಂದೆ ಬಿದ್ದಿರೋ ರಾಜ್ಯ ಅಲ್ಲ. 'ಭೂಮಿ' ತಂತ್ರಾಂಶ 2000ದ ಹೊತ್ತಿಗೇ ಪಹಣಿಯನ್ನ ಕಂಪ್ಯೂಟರಿಗೆ ತಂದಿತ್ತು. ನಾನು ಹುಟ್ಟೋಕೂ ಮುಂಚೆ.

ಜನ ಈಗಾಗಲೇ ಕೂತಿರೋ ಜಾಗಕ್ಕೆ ಸೇವೆ ಹೋಗ್ಬೇಕು ಅನ್ನೋದನ್ನ ನಾನು ನೂರಕ್ಕೆ ನೂರು ಒಪ್ತೀನಿ. ರೇಷ್ಮೆ ಸೀರೆ ಆರ್ಡರ್‌ನಿಂದ ಹಿಡಿದು ಮಾದಪ್ಪನ ಬೆಟ್ಟದ ಜಾತ್ರೆಗೆ ಗಾಡಿ ಮಾಡೋ ತನಕ ಎಲ್ಲ ಚಾಟಲ್ಲೇ ನಡೀತಿರುವಾಗ ಸರ್ಕಾರ ಮಾತ್ರ ಕ್ಯಾಪ್ಚಾ ಹಿಂದೆ ಅವಿತ್ಕೊಂಡು ಕೂತ್ರೆ ಹೆಂಗೆ?

ನನ್ನ ಜಗಳ ಇರೋದು "ಮುಗೀತು" ಅನ್ನೋ ಪದದ ಜೊತೆ. ಅಲ್ಲಿಗೆ ಮುಗಿಯಲ್ಲ. ಶುರುವಾಗುತ್ತೆ.

(3/6)

ಮೊದಲನೇದು. 2021ರ ಅಕ್ಟೋಬರ್ 4. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಇಡೀ ಪ್ರಪಂಚದಲ್ಲಿ ನಿಂತೋಯ್ತು. ಅವತ್ತು ನಮಗೆ ಸ್ಟೇಟಸ್ ಹಾಕೋಕಾಗ್ಲಿಲ್ಲ, ಅಷ್ಟೆ. ಪಹಣಿ, ಆಸ್ಪತ್ರೆ ಚೀಟಿ, ಪಿಂಚಣಿ ಎಲ್ಲಕ್ಕೂ ಅದೊಂದೇ ಬಾಗಿಲು ಅಂತ ಇದ್ದಿದ್ರೆ? ತಾಲೂಕು ಆಫೀಸಿನ ಬೀಗದ ಕೈ ಬೇರೆ ದೇಶದ ಕಂಪನಿ ಹತ್ರ ಇದ್ದಂಗೆ.

ಎರಡನೇದು ನಮ್ಮನೇಲೇ ಆಗಿದ್ದು. ಅಮ್ಮ ಬ್ಲೌಸ್ ಹೊಲೀತಾಳೆ, ಆರ್ಡರ್ ಎಲ್ಲ ಚಾಟಲ್ಲೇ. ಒಂದು ಸಲ ಕೆಲವು ತಿಂಗಳು ರೀಚಾರ್ಜ್ ಮಾಡೋಕಾಗ್ಲಿಲ್ಲ, ನಂಬರ್ ಹೋಯ್ತು. ಆಮೇಲೆ ಅದೇ ನಂಬರ್ ಇನ್ಯಾರಿಗೋ ಸಿಕ್ಕಿದೆ. ಹಳೇ ಚಾಟ್ ಅವರಿಗೆ ಕಾಣಲ್ಲ ನಿಜ, ಆದ್ರೆ ಗಿರಾಕಿಗಳು ಕಳಿಸಿದ ಹೊಸ ಮೆಸೇಜ್, ಅಳತೆ, ಮನೆ ಅಡ್ರೆಸ್ಸು ಎಲ್ಲ ಗೊತ್ತಿಲ್ಲದ ಮನುಷ್ಯನಿಗೆ ಹೋಗ್ತಿತ್ತು. ಇಬ್ಬರು ಗಿರಾಕಿಗಳು ಅಮ್ಮನೇ ಉತ್ತರ ಕೊಡ್ತಿಲ್ಲ ಅಂತ ಸಿಟ್ಟಾಗಿ ಬಿಟ್ಟೋದ್ರು. ಬ್ಲೌಸ್ ಅಳತೆ ಜಾಗದಲ್ಲಿ ರೇಷನ್ ಕಾರ್ಡ್ ಇದ್ದಿದ್ರೆ ಅಂತ ಯೋಚನೆ ಮಾಡಿ. ರೀಚಾರ್ಜ್‌ಗೆ ದುಡ್ಡಿಲ್ಲದವರಿಗೇ ರೇಷನ್ ಜಾಸ್ತಿ ಬೇಕಾಗೋದು.

ಮೂರನೇದು. ನನ್ನ ಕ್ಲಾಸ್‌ಮೇಟ್ ಒಬ್ಬಳು ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನವಳು. ರಜೆಗೆ ಮನೆಗೆ ಹೋದ್ರೆ ಅವಳ ಮೆಸೇಜ್ ಒಂದೇ ಟಿಕ್‌ನಲ್ಲಿ ನಿಂತಿರುತ್ತೆ. ಸಿಗ್ನಲ್ ಸಿಗೋ ಬಂಡೆ ಹತ್ರ ಬಂದಾಗಲೇ ಎರಡನೇ ಟಿಕ್. ಅವಳಿಗೆ ಯಾವ ಚಾಟ್‌ಬಾಟ್ ಮಾಡ್ತೀರಾ ಹೇಳಿ?

(4/6)

ಈ ಕನಸೇನೂ ಹೊಸದಲ್ಲ. 2007ರ ಮೇನಲ್ಲಿ ಫೇಸ್‌ಬುಕ್ ತನ್ನ ಪ್ಲಾಟ್‌ಫಾರ್ಮ್ ತೆರೆದು, ಡೆವಲಪರ್‌ಗಳೇ ಬನ್ನಿ, ಜನರ ಸ್ನೇಹಬಳಗದ ಮೇಲೆ ನಿಮ್ಮ ಸೇವೆ ಕಟ್ಟಿ ಅಂತು. ಐಡಿಯಾ ನಿಜವಾಗ್ಲೂ ಚೆನ್ನಾಗಿತ್ತು. ಪ್ರತಿ ಸೈಟಲ್ಲೂ ಹೊಸದಾಗಿ ಹೆಸರು ಬರೀಬೇಕಿಲ್ಲ, ನಿನ್ನ ಪರಿಚಯದವರು ನಿನ್ನ ಜೊತೆಗೇ ಬರ್ತಾರೆ.

ಏನಾಯ್ತು? 2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹೊರಗೆ ಬಂತು. ಒಂದು ಪರ್ಸನಾಲಿಟಿ ಕ್ವಿಜ್ ಆ್ಯಪ್. ಭಾರತದಲ್ಲಿ ಅದನ್ನ ಹಾಕ್ಕೊಂಡಿದ್ದು ಬರೀ 335 ಜನ. ಮಾಹಿತಿ ಹೋಗಿರಬಹುದಾದ ಭಾರತೀಯರು 5.62 ಲಕ್ಷ. ಎರಡೂ ಲೆಕ್ಕ ಫೇಸ್‌ಬುಕ್‌ನವರೇ ಕೊಟ್ಟಿದ್ದು. ಉಳಿದೋರು ಮಾಡಿದ ತಪ್ಪು? ಯಾರದ್ದೋ ಫ್ರೆಂಡ್ ಲಿಸ್ಟಲ್ಲಿ ಇದ್ದಿದ್ದು.

2014ರಲ್ಲಿ ವಾಟ್ಸಾಪ್ ಕೂಡ ಅದೇ ಕಂಪನಿಗೆ ಸೇರ್ತು. 2021ರಲ್ಲಿ "ಹೊಸ ಷರತ್ತು ಒಪ್ಪಿ" ಅಂತ ಬಂದಿತ್ತಲ್ಲ, ನೀವೂ ಓದ್ದೇನೇ ಒತ್ತಿರ್ತೀರಾ, ನಾನೂ ಒತ್ತಿದೆ. ಅದಕ್ಕೇ ಭಾರತದ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾಗೆ 213 ಕೋಟಿ ದಂಡ ಹಾಕಿದ್ದು. ಕಂಪನಿ ಅದನ್ನ ಪ್ರಶ್ನಿಸ್ತು, ಅದು ಬೇರೆ ಮಾತು. ನನ್ನ ಪಾಯಿಂಟ್ ಇಷ್ಟೆ: "ಒಪ್ಪದಿದ್ರೆ ಬಿಟ್ಟೋಗು" ಅನ್ನೋದು ಗೇಮ್ ಆ್ಯಪ್‌ಗೆ ಓಕೆ. ಪಹಣಿ ಕೊಡೋ ಬಾಗಿಲಿಗೆ ಓಕೆ ಅಲ್ಲ.

(5/6)

ಈಗ ನನ್ನ ಸಬ್ಜೆಕ್ಟ್‌ಗೆ ಬರ್ತೀನಿ. ಬಿಕಾಂನಲ್ಲಿ ಬಿಸಿನೆಸ್ ಲಾ ಇರುತ್ತೆ. 1872ರ ಭಾರತೀಯ ಕರಾರು ಕಾಯ್ದೆ, ಸೆಕ್ಷನ್ 182. ಇನ್ನೊಬ್ಬರ ಪರವಾಗಿ ಕೆಲಸ ಮಾಡೋಕೆ ನೇಮಕ ಆದವನು ಏಜೆಂಟ್, ನೇಮಿಸಿದವನು ಪ್ರಿನ್ಸಿಪಾಲ್. ಸೆಕ್ಷನ್ 201 ಪ್ರಕಾರ ಪ್ರಿನ್ಸಿಪಾಲ್ ಆ ಅಧಿಕಾರನ ವಾಪಸ್ ತಗೋಬಹುದು. ನೂರೈವತ್ತು ವರ್ಷದ ಹಿಂದೆ ಫೋನೇ ಇಲ್ಲದ ಕಾಲದಲ್ಲಿ ಇಷ್ಟು ಕ್ಲಿಯರ್ ಆಗಿ ಬರೆದಿದ್ರು.

ಸಾಫ್ಟ್‌ವೇರ್‌ನೋರಿಗೂ ಇದು ಗೊತ್ತಿದೆ. ಒಂದು ಆ್ಯಪ್ ಇನ್ನೊಂದು ಆ್ಯಪ್‌ನಿಂದ ನಿಮ್ಮ ಪರವಾಗಿ ಮಾಹಿತಿ ತಗೊಳ್ಳೋಕೆ ಪಾಸ್‌ವರ್ಡ್ ಕೊಡ್ಬೇಕಿಲ್ಲ. ಓಆತ್ ಅಂತ ಒಂದು ಪದ್ಧತಿ ಇದೆ, ಅದರ 2.0 ಆವೃತ್ತಿ ಬಂದಿದ್ದೇ 2012ರಲ್ಲಿ. ಇಷ್ಟೇ ಮಾಹಿತಿ, ಇಷ್ಟೇ ದಿನ ಅಂತ ಒಂದು ಚೀಟಿ ಕೊಟ್ಟಂಗೆ. ಬೇಡ ಅನ್ಸಿದ್ರೆ ಹರಿದಾಕಬಹುದು.

ಅಂದ್ರೆ ಆ್ಯಪ್‌ಗೆ ಏಜೆಂಟ್ ಆಗೋ ಮರ್ಯಾದೆ ಇದೆ, ಮೊಮ್ಮಗಳಿಗಿಲ್ಲ! ನಾನು ಅಜ್ಜಿ ಪರವಾಗಿ ಏನಾದ್ರೂ ಮಾಡ್ಬೇಕಂದ್ರೆ ಅಜ್ಜಿ "ಆಗ್ಬೇಕು". ಅವಳ ಒಟಿಪಿ, ಅವಳ ಪಾಸ್‌ವರ್ಡ್, ಅವಳ ಹೆಸರು. ಸೈಬರ್ ಸೆಂಟರ್‌ನೋರೂ ಇದೇ ಮಾಡೋದು. ನಾಳೆ ನಾನು ಕೆಟ್ಟವಳಾದ್ರೆ ಅಜ್ಜಿ ಹತ್ರ ಹರಿದಾಕೋಕೆ ಚೀಟೀನೇ ಇಲ್ಲ.

ಸೋಷಿಯಲ್ ನೆಟ್‌ವರ್ಕ್ ಅಂದ್ರೆ ಮೆಟಾ ಅಲ್ಲ ಕಣ್ರೀ. ಅಜ್ಜಿ, ನಾನು, ಪಕ್ಕದ ಮನೆಯೋರು, ಆಶಾ ಕಾರ್ಯಕರ್ತೆ, ಅದೂ ನೆಟ್‌ವರ್ಕೇ. ಸೇವೆನ ಜೋಡಿಸ್ಬೇಕಾಗಿರೋದು ಇದಕ್ಕೆ. "ನನ್ನ ಮೊಮ್ಮಗಳು ಪಹಣಿ ತೆಗೀಬಹುದು, ಬ್ಯಾಂಕ್ ನೋಡಂಗಿಲ್ಲ, ಮೂರು ತಿಂಗಳು ಮಾತ್ರ" ಅಂತ ಅಜ್ಜಿ ಕನ್ನಡದಲ್ಲಿ ಬಾಯಲ್ಲಿ ಹೇಳಿದ್ರೆ ಸಾಕಾಗ್ಬೇಕು. ನಾನು ಏನೇನು ಒತ್ತಿದೆ ಅಂತ ಸಂಜೆ ಅವಳಿಗೆ ವಾಯ್ಸ್ ಮೆಸೇಜ್ ಹೋಗ್ಬೇಕು.

(6/6)

"ಇದೆಲ್ಲ ಆಗೋ ಮಾತಾ?" ಅಂತೀರಾ. ಟೀ ಅಂಗಡಿಯಲ್ಲಿ ದಿನಾ ಮಾಡ್ತಿದೀರಲ್ಲ. ನಿಮ್ಮದು ಫೋನ್‌ಪೇ, ಅವರದ್ದು ಗೂಗಲ್ ಪೇ, ದುಡ್ಡು ಹೋಗುತ್ತೆ. 2016ರಲ್ಲಿ ಬಂದ ಯುಪಿಐ ಒಂದು ಕಂಪನಿಯ ಬಾಗಿಲಲ್ಲ, ಎಲ್ಲರೂ ಓಡಾಡೋ ರಸ್ತೆ. ಅಲ್ಲೂ ಎರಡೇ ಆ್ಯಪ್ ದೊಡ್ಡದಾಗಿವೆ, ಒಪ್ತೀನಿ. ಯಾರಿಗೂ 30 ಪರ್ಸೆಂಟ್‌ಗಿಂತ ಜಾಸ್ತಿ ಪಾಲು ಬೇಡ ಅಂತ ಎನ್‌ಪಿಸಿಐ 2020ರಲ್ಲೇ ಹೇಳಿದ್ರೂ ಗಡುವು ಮುಂದಕ್ಕೆ ಹೋಗ್ತಾನೇ ಇದೆ. ಆದ್ರೂ ಬೇಜಾರಾದ್ರೆ ನೀವು ಇವತ್ತೇ ಆ್ಯಪ್ ಬದಲಾಯಿಸಬಹುದು, ಬ್ಯಾಂಕ್ ಖಾತೆ ಎಲ್ಲೂ ಹೋಗಲ್ಲ. ವಾಟ್ಸಾಪ್ ಬಿಟ್ರೆ ನಿಮ್ಮ ಬಳಗಾನೇ ಬಿಡ್ಬೇಕು. ವ್ಯತ್ಯಾಸ ಅಷ್ಟೇ.

ಹಂಗಾಗಿ ನಾನು ಕೇಳ್ತಿರೋದು ನಾಲ್ಕು.

ಒಂದು, ವಾಟ್ಸಾಪ್‌ಗೆ ಸೇವೆ ಬರಲಿ, ಆದ್ರೆ ಅದೇ ಬಾಗಿಲು ಬೇರೆ ಆ್ಯಪ್‌ಗಳಿಗೂ ತೆರೆದಿರಲಿ.
ಎರಡು, ಬರೀ ಎಸ್ಎಂಎಸ್‌ನಲ್ಲೂ, ಕೌಂಟರ್‌ನಲ್ಲೂ ಅದೇ ಸೇವೆ ಸಿಗ್ಲಿ. ಕೌಂಟರ್ ಮುಚ್ಚೋಕೆ ಚಾಟ್‌ಬಾಟ್ ನೆಪ ಆಗ್ಬಾರ್ದು.
ಮೂರು, ಫೋನ್ ನಂಬರ್ ಹೋದ್ರೆ ಹಕ್ಕು ಹೋಗ್ಬಾರ್ದು.
ನಾಲ್ಕು, ನಂಬಿದವರಿಗೆ ಚೀಟಿ ಕೊಡೋ ವ್ಯವಸ್ಥೆ ಬರ್ಲಿ, ಹರಿದಾಕೋ ಅಧಿಕಾರ ಅಜ್ಜಿ ಕೈಲೇ ಇರ್ಲಿ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಓದ್ತಿರೋ ನನ್ನ ವಯಸ್ಸಿನೋರೇ, ನಿಮ್ಮನೇಲೂ ಇಂಥ ನೋಟ್‌ಬುಕ್ ಇದೆ ಅಂತ ಗೊತ್ತು. ನಿಮ್ಮದು ನೋಟ್ಸ್ ಆ್ಯಪ್‌ನಲ್ಲಿರಬಹುದು. ನಾವು ಮಾಡ್ತಿರೋದು ಸಹಾಯ ನಿಜ. ಆದ್ರೆ ಅದು ನಮ್ಮ ಒಳ್ಳೇತನದ ಮೇಲೆ ನಿಂತಿರೋ ವ್ಯವಸ್ಥೆ. ಯಾರದ್ದೇ ಒಳ್ಳೇತನದ ಮೇಲೆ ಹನ್ನೊಂದು ಮನೆ ನಿಲ್ಲಬಾರ್ದು, ನನ್ನದಾದ್ರೂ ಸರಿ, ಮೆಟಾದಾದ್ರೂ ಸರಿ.

ಆ ನಾಲ್ಕು ಪುಟ ಹರಿದು ಒಲೆಗೆ ಹಾಕ್ಬೇಕು ಅಂತಿದೀನಿ. ಹಾಕಿದ ದಿನ ಅಜ್ಜಿ ಪಿಂಚಣಿ ನಿಲ್ಲುತ್ತೆ. ಅದಕ್ಕೇ ಇನ್ನೂ ಹಾಕಿಲ್ಲ.

#ಕೊಳ್ಳೇಗಾಲ #ಹನೂರು #ಯಳಂದೂರು #ಚಾಮರಾಜನಗರ #ಒಂದೇಬಾಗಿಲುಬೇಡ