ಕಾರು ತಗ್ಗಿಸುವ ಹುಚ್ಚು: ಕತ್ತರಿ ಬೀಳುವುದು ಎಲ್ಲಿಗೆ?

ಸರ್ಜಾಪುರ: ಇಬ್ಬಲೂರಿನಿಂದ ಕಾರ್ಮೆಲಾರಂ, ಕೊಡತಿ, ದೊಮ್ಮಸಂದ್ರ ಹಾದು ಸರ್ಜಾಪುರಕ್ಕೆ ಬರುವ ರಸ್ತೆಯಲ್ಲಿ ವಾಹನ ದಟ್ಟಣೆಯ ನಡುವೆಯೇ ಆಗಾಗ ಒಂದು ವಿಚಿತ್ರ ನೋಟ ಎದುರಾಗುತ್ತದೆ. ಟೈರಿಗೂ ಅದರ ಮೇಲಿನ ಕಮಾನಿಗೂ ನಡುವೆ ಎರಡು ಬೆರಳು ತೂರದಷ್ಟು ತಗ್ಗಿಸಿದ ಹಳೆಯ ಸ್ವಿಫ್ಟ್ ಅಥವಾ ಪೋಲೋ, ಹಂಪ್ ಕಂಡೊಡನೆ ಅಡ್ಡಡ್ಡ ತಿರುಗಿ, ಒಂದೊಂದೇ ಚಕ್ರ ಹತ್ತಿಸುತ್ತಾ ದಾಟುತ್ತದೆ. ಹಿಂದಿನವರು ಹಾರ್ನ್ ಒತ್ತುತ್ತಾರೆ.

ಈ ಹಂಬಲವನ್ನು ಬರೀ ಶೋಕಿ ಎಂದು ತಳ್ಳಿಹಾಕುವುದು ಸರಿಯಲ್ಲ. ಕಾರಿನ ಭಾರಕೇಂದ್ರ ನೆಲಕ್ಕೆ ಹತ್ತಿರವಾದಷ್ಟೂ ತಿರುವಿನಲ್ಲಿ ಅದು ವಾಲುವುದು ಕಡಿಮೆ. ಕಷ್ಟವಿರುವುದು ಹಣದಲ್ಲಿ. ದುಡಿಮೆಯ ಮೊದಲ ವರ್ಷಗಳಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಯುವಕನ ಬಳಿ, ಕಾರಿನ ಬೆಲೆ ತೆತ್ತ ಮೇಲೆ ಉಳಿಯುವುದು ಅಲ್ಪಸ್ವಲ್ಪ. ಕಂಪನಿ ಸ್ಪ್ರಿಂಗನ್ನೇ ಕತ್ತರಿಸಿ ಗಿಡ್ಡ ಮಾಡುವ ಅಗ್ಗದ ಉಪಾಯ ಅವನ ಕಣ್ಣಿಗೆ ಬೀಳುವುದು ಆಗಲೇ. ಬಿಡಿಭಾಗಕ್ಕೆ ಖರ್ಚಿಲ್ಲ, ಅರ್ಧ ದಿನದ ಕೂಲಿ ಕೊಟ್ಟರಾಯಿತು.

ಕತ್ತರಿಸಿದ ಸ್ಪ್ರಿಂಗ್ ಗಿಡ್ಡವಾಗುವುದಷ್ಟೇ ಅಲ್ಲ, ಬಿರುಸೂ ಆಗುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದನ್ನು ತೆಗೆದರೆ ಬಿರುಸು ಶೇ 20ರಷ್ಟು ಹೆಚ್ಚುತ್ತದೆ. ಆದರೆ ಶಾಕ್ ಅಬ್ಸಾರ್ಬರ್ ಹಳೆಯ ಸ್ಪ್ರಿಂಗಿನ ಲೆಕ್ಕಕ್ಕೆ ರೂಪಿಸಿದ್ದು. ಹೊಸ ಪುಟಿತವನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಅದರ ಕೆಳಮುಖ ಓಟವೂ ಕಡಿಮೆಯಾಗಿರುತ್ತದೆ. ನಾಲ್ಕು ಜನ ಕುಳಿತರೆ ಪ್ರತಿ ಗುಂಡಿಯಲ್ಲೂ ರಬ್ಬರ್ ಸ್ಟಾಪರಿಗೆ ಗುದ್ದುತ್ತದೆ. ಆ ಕ್ಷಣದಲ್ಲಿ ಕಾರಿಗೆ ಸಸ್ಪೆನ್ಷನ್ ಇದೆ ಎಂಬುದು ಹೆಸರಿಗೆ ಮಾತ್ರ. ತಿರುವಿನ ಮಧ್ಯದಲ್ಲಿ ಹೀಗಾದರೆ ಟೈರ್ ಹಿಡಿತ ಬಿಡುತ್ತದೆ. ಕಾರು ತಗ್ಗಿಸಿದ ಉದ್ದೇಶವೇ ಇಲ್ಲಿ ತಲೆಕೆಳಗಾಗುತ್ತದೆ.

ಇದಕ್ಕಿಂತ ಕೆಟ್ಟದ್ದು ಗ್ಯಾಸ್ ಕಟರ್ ಬಳಕೆ. ಸ್ಪ್ರಿಂಗಿನ ಬಲವಿರುವುದು ಉಕ್ಕಿಗೆ ಕೊಟ್ಟ ಹದದಲ್ಲಿ. ಬೆಂಕಿ ತಗುಲಿದ ಭಾಗದಲ್ಲಿ ಆ ಹದ ಕೆಡುತ್ತದೆ. ಅಲ್ಲಿ ಸ್ಪ್ರಿಂಗ್ ಕ್ರಮೇಣ ಕುಸಿಯಬಹುದು, ಒಂದು ದಿನ ಮುರಿಯಲೂಬಹುದು. ಗ್ರೈಂಡರಿನಲ್ಲಿ ಕತ್ತರಿಸಿದರೆ ಶಾಖದ ತೊಂದರೆ ತಗ್ಗುತ್ತದೆ, ಆದರೆ ಕೂರುವ ತುದಿ ಮೂಲ ಆಕಾರದಲ್ಲಿ ಉಳಿಯುವುದಿಲ್ಲ. ಅನೇಕ ಸಣ್ಣ ಕಾರುಗಳ ಹಿಂಬದಿಯಲ್ಲಿ ಸ್ಪ್ರಿಂಗ್ ಎರಡು ಬಟ್ಟಲುಗಳ ನಡುವೆ ಕಾರಿನ ಭಾರದಿಂದಲೇ ನಿಂತಿರುತ್ತದೆ. ಚಕ್ರ ಗುಂಡಿಗಿಳಿದು ಜೋತುಬಿದ್ದಾಗ ಗಿಡ್ಡ ಸ್ಪ್ರಿಂಗ್ ಬಟ್ಟಲಿನಿಂದ ಜಾರಬಹುದು. ಇನ್ನೊಂದು ಸಂಗತಿ ಅನೇಕರ ಗಮನಕ್ಕೇ ಬರುವುದಿಲ್ಲ. ಕೆಲವು ಹಳೆಯ ಕಾರುಗಳಲ್ಲಿ ಹಿಂಬದಿ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂದಿನ ಬ್ರೇಕಿನ ಒತ್ತಡ ನಿರ್ಧರಿಸುವ ಕವಾಟವಿರುತ್ತದೆ. ತಗ್ಗಿಸಿದ ಕಾರನ್ನು ಅದು ಭಾರ ಹೇರಿದ ಕಾರೆಂದೇ ತಿಳಿಯುತ್ತದೆ. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ತಿರುಗಿಬಿಡುವ ಸಂಭವವಿದೆ.

ಹಾಗಾದರೆ ಕಡಿಮೆ ಹಣವುಳ್ಳವರಿಗೆ ದಾರಿಯಿಲ್ಲವೇ? ಇದೆ, ಆದರೆ ಅದರ ಕ್ರಮ ಬೇರೆ. ಮೊದಲ ಹಣ ಸಲ್ಲಬೇಕಾದ್ದು ಸ್ಪ್ರಿಂಗಿಗಲ್ಲ. ಸವೆದ ಟೈರ್, ಎಣ್ಣೆ ಸೋರುವ ಶಾಕ್ ಅಬ್ಸಾರ್ಬರ್, ಹಿಗ್ಗಿದ ಬುಷ್‌ಗಳಿಗೆ. ಇಷ್ಟು ಸರಿಪಡಿಸಿದರೆ ಹಳೆಯ ಕಾರಿನ ತೂಗಾಟ ಬಹುಪಾಲು ನಿಲ್ಲುತ್ತದೆ, ಎಷ್ಟೋ ಮಂದಿಗೆ ತಗ್ಗಿಸುವ ಆಸೆಯೂ ಅಲ್ಲಿಗೇ ತೀರುತ್ತದೆ. ತೀರದಿದ್ದರೆ, ಆ ಮಾದರಿಗೆಂದೇ ತಯಾರಾದ ಗಿಡ್ಡ ಸ್ಪ್ರಿಂಗಿನ ಪೂರ್ಣ ಸೆಟ್ ಕೊಳ್ಳುವಷ್ಟು ಹಣ ಕೂಡುವವರೆಗೆ ಕಾಯಬೇಕು. ಇಳಿತ 30 ಮಿ.ಮೀ. ಆಸುಪಾಸಿನಲ್ಲಿದ್ದರೆ ನಮ್ಮ ರಸ್ತೆಗಳಿಗೆ ಅದೇ ಹೆಚ್ಚು. ಶಾಕ್ ಅಬ್ಸಾರ್ಬರ್ ಬದಲಿಸುವಾಗಲೇ ಸ್ಪ್ರಿಂಗನ್ನೂ ಹಾಕಿಸಿದರೆ ಕೂಲಿ ಎರಡು ಸಲ ತೆರಬೇಕಿಲ್ಲ. ಮುಂದಿನ ಸ್ಟ್ರಟ್ ಬಿಚ್ಚುವ ಕೆಲಸವನ್ನು ಸ್ಪ್ರಿಂಗ್ ಅದುಮುವ ಸಲಕರಣೆಯಿಲ್ಲದೆ ಮನೆಯಂಗಳದಲ್ಲಿ ಮಾಡಹೊರಟರೆ, ಚಿಮ್ಮುವ ಸ್ಪ್ರಿಂಗ್ ಪ್ರಾಣಕ್ಕೇ ಎರವಾದೀತು. ವ್ಹೀಲ್ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟಿನ ಕೋನ ಸರಿಪಡಿಸುವುದು ಕೊನೆಯ ಕೆಲಸವಾದರೂ ಬಿಡುವಂಥದ್ದಲ್ಲ. ಅಲೈನ್‌ಮೆಂಟ್ ಬಿಟ್ಟರೆ ಹೊಸ ಟೈರ್ ಒಂದೇ ಬದಿ ಸವೆದು, ಉಳಿಸಿದ ಹಣ ಅಲ್ಲೇ ಹೋಗುತ್ತದೆ.

ಇನ್ನು ರಸ್ತೆಯ ವಿಚಾರ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನಾಗಿರಬೇಕು. ಲೆಕ್ಕ ಹಾಕಿದರೆ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಸುಮಾರು 2.45 ಮೀಟರ್ ಅಂತರವಿರುವ ಸಣ್ಣ ಕಾರಿನ ಹೊಟ್ಟೆಗೆ ಅಂಥ ಹಂಪಿನ ನೆತ್ತಿ ದಾಟಲು ಬೇಕಾಗುವುದು ನಾಲ್ಕೂವರೆ ಸೆಂ.ಮೀ. ಮಾತ್ರ. ಮಿತವಾಗಿ ತಗ್ಗಿಸಿದ ಕಾರು ಅದನ್ನು ನಿರಾಯಾಸವಾಗಿ ದಾಟಬಲ್ಲದು. ಆದರೆ ಬಡಾವಣೆಯವರು ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಕಟ್ಟುವ ಕಿರಿದಾದ ಒಡ್ಡಿಗೆ ಯಾವ ತ್ರಿಜ್ಯವೂ ಇಲ್ಲ. ತಗ್ಗಿಸದ ಕಾರುಗಳೂ ಅಲ್ಲಿ ತಳ ಉಜ್ಜಿಕೊಳ್ಳುತ್ತವೆ. ಮಳೆಗಾಲದ ಮಾತು ಬೇರೆ. 2022ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್ ಬಡಾವಣೆ ಜಲಾವೃತವಾದದ್ದನ್ನು ರಾಜ್ಯವೇ ಕಂಡಿತು. ದೇಹ ಎಷ್ಟು ಇಳಿದಿದೆಯೋ ಎಂಜಿನ್ ಗಾಳಿ ಎಳೆಯುವ ಬಾಯಿಯೂ ನೀರಿಗೆ ಅಷ್ಟೇ ಹತ್ತಿರ.

ಕಾನೂನು ಈ ವಿಷಯದಲ್ಲಿ ಕಠಿಣವಾಗಿದೆ, ಸ್ಪಷ್ಟವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಿತು. ಆದರೆ ಕಾಯ್ದೆಯ ವಿವರಣೆಯಂತೆ ಮಾರ್ಪಾಡು ಎಂದರೆ ವಾಹನದ ಮೂಲ ಲಕ್ಷಣ ಬದಲಾಗುವಂಥ ರಚನೆಯ ಬದಲಾವಣೆ. ಮೂರು ಸೆಂ.ಮೀ. ಗಿಡ್ಡವಾದ ಸ್ಪ್ರಿಂಗ್ ಆ ವ್ಯಾಖ್ಯೆಗೆ ಒಳಪಡುತ್ತದೆಯೇ ಎಂಬುದು ತಪಾಸಣಾಧಿಕಾರಿಯ ವಿವೇಚನೆಗೆ ಬಿಟ್ಟಂತಾಗಿದೆ. ನಾಲ್ಕು ಸ್ಪ್ರಿಂಗಿಗೆ ಮಾರ್ಪಾಡು ಒಂದೋ ನಾಲ್ಕೋ ಎಂಬ ತಮಾಷೆಯ ಪ್ರಶ್ನೆಯೂ ಉಳಿಯುತ್ತದೆ.

ಜರ್ಮನಿಯಲ್ಲಿ ತಗ್ಗಿಸುವ ಸ್ಪ್ರಿಂಗ್ ಪರೀಕ್ಷೆಗೆ ಒಳಪಟ್ಟು ಪ್ರಮಾಣಪತ್ರದೊಡನೆ ಮಾರಾಟವಾಗುತ್ತದೆ. ಜೋಡಣೆಯನ್ನು ತಜ್ಞರು ಪರಿಶೀಲಿಸಿದ ಮೇಲೆ ವಾಹನದ ದಾಖಲೆಯಲ್ಲಿ ನಮೂದಿಸುವ ಪದ್ಧತಿಯಿದೆ. 2019ರ ನಮ್ಮ ತಿದ್ದುಪಡಿಯೂ ಮಾರ್ಪಾಡಿಗೆ ಮಾನದಂಡ ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಸಿಎನ್‌ಜಿ ಕಿಟ್‌ಗೆ ಅನುಮೋದನೆಯ ವ್ಯವಸ್ಥೆ ಇರುವಾಗ ಸ್ಪ್ರಿಂಗಿಗೆ ಏಕಿರಬಾರದು? ಪರೀಕ್ಷಿತ ಸ್ಪ್ರಿಂಗ್ ಹಾಕಿಸಿದವನನ್ನೂ ಗ್ಯಾಸ್ ಕಟರ್ ಹಿಡಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕಾನೂನಿನಿಂದ ಎಚ್ಚರಿಕೆಯವನಿಗೆ ಲಾಭವಿಲ್ಲ. ಎರಡೂ ತಪ್ಪೇ ಆಗುವುದಾದರೆ ಅಗ್ಗದ್ದನ್ನೇ ಆರಿಸಿಕೊಳ್ಳುವುದು ಸಹಜ.

ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ನಂತರದ ಪರಿಹಾರಕ್ಕೂ ಕುತ್ತು ಬರಬಹುದು. ಗಿಡ್ಡ ಸ್ಪ್ರಿಂಗಿನ ಸೆಟ್ ಹಾಕಿಸಿದವರು ಹಳೆಯದನ್ನು ಜೋಪಾನವಾಗಿಟ್ಟು, ಕಾರು ಮಾರುವಾಗ ಮರಳಿ ಜೋಡಿಸಬಹುದು. ಕತ್ತರಿಸಿದ ಸ್ಪ್ರಿಂಗ್ ಮಾತ್ರ ಕಾರಿನೊಡನೆಯೇ ಮುಂದಿನ ಮಾಲೀಕನ ಮನೆ ಸೇರುತ್ತದೆ. ಹೀಗಾಗಿ ಹಳೆಯ ಕಾರು ಕೊಳ್ಳುವವರು ಬಣ್ಣ, ಮೀಟರ್ ನೋಡಿದ ಮೇಲೆ ಜಾಕ್ ಕೊಟ್ಟು ಹಿಂಬದಿ ಎತ್ತಿಸಿ ನೋಡುವುದೊಳಿತು. ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಕೈಯಲ್ಲಿ ಸಡಿಲವಾಗಿ ತಿರುಗಿದರೆ, ಅದರ ತುದಿಯಲ್ಲಿ ಕಟರಿನ ಗುರುತು ಹುಡುಕಬೇಕು.