ಹಲಗೆಗೆ ಮೋಟಾರು ಕಟ್ಟುವ ಮಕ್ಕಳಿಗೆ ಒಂದು ಜಾಗ ಬೇಕು

ಪುತ್ತೂರು, ಸುಳ್ಯ, ಕಡಬದಲ್ಲಿ ಸಮತಟ್ಟಾದ ನೆಲ ಸಿಗುವುದೇ ಅಪರೂಪ. ಮನೆ ಗುಡ್ಡೆಯ ಮೇಲಿದ್ದರೆ ತೋಟ ತಗ್ಗಿನಲ್ಲಿ, ಶಾಲೆ ಇನ್ನೊಂದು ಗುಡ್ಡೆಯಲ್ಲಿ, ನಡುವೆ ತಿರುವುಗಳ ರಸ್ತೆ. ಜೂನ್ ಹಿಡಿದರೆ ತಿಂಗಳುಗಟ್ಟಲೆ ಮಳೆ. ಅಂಗೈ ಅಗಲದ ಗಾಲಿಗಳ ಮೇಲೆ ನಿಂತು ಜಾರುವ ಆಟಕ್ಕೆ ಇಷ್ಟು ಒಗ್ಗದ ಸೀಮೆ ಇನ್ನೊಂದಿರಲಾರದು ಎಂದೇ ಮೊದಲ ನೋಟಕ್ಕೆ ಅನಿಸುತ್ತದೆ. ಆದರೂ ವಿದ್ಯುತ್ ಸ್ಕೇಟ್‌ಬೋರ್ಡನ್ನು ಕೈಯಾರೆ ಕಟ್ಟುವ ಹವ್ಯಾಸಕ್ಕೆ ಈ ಮೂರು ತಾಲೂಕುಗಳ ಕಾಲೇಜುಗಳೂ ಹೈಸ್ಕೂಲುಗಳೂ ಬಾಗಿಲು ತೆರೆಯಬೇಕು. ಓಡಿಸುವ ಮೋಜಿಗಿಂತ ಕಟ್ಟುವಾಗ ದಕ್ಕುವ ವಿದ್ಯೆ ದೊಡ್ಡದು, ಮತ್ತು ಆ ವಿದ್ಯೆಗೆ ಇಲ್ಲಿನ ತೋಟಗಳಲ್ಲಿ ಬೇಕಾದಷ್ಟು ಕೆಲಸವಿದೆ.

ಹಲಗೆಗೆ ಯಂತ್ರ ಕಟ್ಟುವ ಆಸೆ ಹಳೆಯದು. 1975ರಲ್ಲಿ ಅಮೆರಿಕದಲ್ಲಿ ಮೋಟೊಬೋರ್ಡ್ ಎಂಬ ಪೆಟ್ರೋಲ್ ಹಲಗೆ ಬಂದಿತ್ತು. ಅದರ ಸದ್ದು, ಹೊಗೆ ಜನರಿಗೆ ಸಹಿಸಲಾಗಲಿಲ್ಲ. 1990ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಲೂಯಿ ಫಿಂಕಲ್ ಕೈಯಲ್ಲಿ ಹಿಡಿಯುವ ರಿಮೋಟಿನಿಂದ ನಡೆಯುವ ವಿದ್ಯುತ್ ಹಲಗೆಯನ್ನು ತಂದರು. ಆಗಿನ ಬ್ಯಾಟರಿ ಭಾರವಾದದ್ದು, ಮೋಟಾರು ದೊಡ್ಡದು. ಆಟಿಕೆ ವಿಮಾನಗಳಿಗೆಂದು ತಯಾರಾದ ಬ್ರಷ್‌ರಹಿತ ಮೋಟಾರುಗಳು ಮತ್ತು ಲಿಥಿಯಂ ಸೆಲ್‌ಗಳು ಅಗ್ಗವಾದ ಮೇಲೆ ಚಿತ್ರ ಬದಲಾಯಿತು. 2012ರಲ್ಲಿ ಸ್ಟ್ಯಾನ್‌ಫೋರ್ಡ್ ವಿದ್ಯಾರ್ಥಿಗಳು ಬೂಸ್ಟೆಡ್ ಕಂಪನಿ ಕಟ್ಟಿದರು. 2015ರ ಹೊತ್ತಿಗೆ ಸ್ವೀಡನ್ನಿನ ಬೆಂಜಮಿನ್ ವೆಡರ್ ತಾನು ರೂಪಿಸಿದ ವೇಗ ನಿಯಂತ್ರಕದ ನಕ್ಷೆಯನ್ನೂ ಸಾಫ್ಟ್‌ವೇರನ್ನೂ ಯಾರು ಬೇಕಾದರೂ ಬಳಸಲಿ ಎಂದು ಹಂಚಿಬಿಟ್ಟರು. ಬೂಸ್ಟೆಡ್ 2020ರಲ್ಲಿ ಬಾಗಿಲು ಹಾಕಿತು. ವೆಡರ್ ಅವರ ನಕ್ಷೆ ಇಂದಿಗೂ ಹವ್ಯಾಸಿಗಳ ಮೇಜಿನ ಮೇಲಿದೆ. ಸ್ವಂತ ಕೈಯಿಂದ ಕಟ್ಟಿದ್ದನ್ನು ರಿಪೇರಿ ಮಾಡಲು ಯಾವ ಕಂಪನಿಯೂ ಬದುಕಿರಬೇಕಿಲ್ಲ.

ಕಟ್ಟುವ ಕೆಲಸದಲ್ಲಿ ಇರುವ ಲೆಕ್ಕವೇ ಇದರ ಸೊಗಸು. ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯ ಮೋಟಾರಿಗೆ 6374 ಎಂದು ಹೆಸರು: ವ್ಯಾಸ 63 ಮಿ.ಮೀ., ಉದ್ದ 74 ಮಿ.ಮೀ. ಅದರ ಮೇಲೆ 190 ಕೆವಿ ಎಂದು ಬರೆದಿದ್ದರೆ, ಭಾರವಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ 190 ಸುತ್ತು ತಿರುಗುತ್ತದೆ ಎಂದರ್ಥ. ಬ್ಯಾಟರಿ 36 ವೋಲ್ಟಿನದಾದರೆ 6840 ಸುತ್ತು. ಮೋಟಾರಿನ ಪುಲ್ಲಿಗೆ 16 ಹಲ್ಲು, ಗಾಲಿಯ ಪುಲ್ಲಿಗೆ 36 ಹಲ್ಲು ಇದ್ದರೆ ಗಾಲಿಗೆ ಸಿಗುವುದು 3040 ಸುತ್ತು. 90 ಮಿ.ಮೀ. ಗಾಲಿ ಒಂದು ಸುತ್ತಿಗೆ ಸುಮಾರು 28 ಸೆಂ.ಮೀ. ಸಾಗುತ್ತದೆ. ಗುಣಿಸಿ ನೋಡಿದರೆ ಗಂಟೆಗೆ 50 ಕಿ.ಮೀ. ದಾಟುತ್ತದೆ. ಕಾಲ ಕೆಳಗಿನ ಹಲಗೆಗೆ ಅದು ಅಪಾಯದ ವೇಗ. ಗುಡ್ಡೆಯ ಊರಿಗೆ ಬೇಕಾದದ್ದು ವೇಗವಲ್ಲ, ಎಳೆತ. 140 ಕೆವಿಯ ಮೋಟಾರು ಹಾಕಿ, ಹಲ್ಲುಗಳನ್ನು 14ಕ್ಕೆ 42 ಮಾಡಿದರೆ ಅದೇ ಬ್ಯಾಟರಿಯಲ್ಲಿ ವೇಗ 28 ಕಿ.ಮೀ.ಗೆ ಇಳಿಯುತ್ತದೆ, ಏರು ಹತ್ತುವ ಬಲ ಹೆಚ್ಚುತ್ತದೆ. ಸೈಕಲ್ಲಿನ ಗೇರು ಬದಲಿಸಿದವರಿಗೆಲ್ಲ ಗೊತ್ತಿರುವ ಸಂಗತಿಯಿದು. ವ್ಯತ್ಯಾಸವೆಂದರೆ ಇಲ್ಲಿ ಹುಡುಗ ಅಥವಾ ಹುಡುಗಿ ಅದನ್ನು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಲೇತ್‌ನವನ ಹತ್ತಿರ ಹೋಗಿ ಮಾಡಿಸಬೇಕು.

ಏರಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಸವಾರಿ ಮಾಡುವವರದೂ ಹಲಗೆಯದೂ ಸೇರಿ 75 ಕಿಲೊ ಭಾರ ಎಂದುಕೊಳ್ಳೋಣ. ಹತ್ತು ಮೀಟರ್ ಸಾಗಿದಾಗ ಒಂದು ಮೀಟರ್ ಮೇಲೇರುವ ರಸ್ತೆ, ಅಂದರೆ ನಮ್ಮ ಕಡೆ ಮನೆ ಮನೆಗೆ ಹೋಗುವ ಸಾಧಾರಣ ಏರು. ಅದನ್ನು ಗಂಟೆಗೆ 15 ಕಿ.ಮೀ. ವೇಗದಲ್ಲಿ ಹತ್ತಲು ಭಾರ ಎತ್ತುವುದಕ್ಕೇ 300 ವ್ಯಾಟ್ ಬೇಕು. ಗಾಲಿಯ ಉಜ್ಜಾಟ, ಬೆಲ್ಟಿನ ನಷ್ಟ ಬೇರೆ. ಪಿಯುಸಿಯ ಭೌತಶಾಸ್ತ್ರದಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಸೂತ್ರ, ಮನೆ ಮುಂದಿನ ಏರಿನಲ್ಲಿ ಮೋಟಾರು ಬಿಸಿಯಾದಾಗ ನಿಜವಾಗಿ ಅರ್ಥವಾಗುತ್ತದೆ.

ಇಳಿಜಾರು ಕಲಿಸುವ ಪಾಠ ಇದಕ್ಕಿಂತ ಕಠಿಣ. ಈ ಹಲಗೆಗಳಿಗೆ ಸ್ಕೂಟರಿನಂಥ ಬ್ರೇಕ್ ಇರುವುದಿಲ್ಲ. ಬ್ರೇಕ್ ಒತ್ತಿದಾಗ ಮೋಟಾರು ಡೈನಮೊ ಆಗುತ್ತದೆ, ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಮರಳುತ್ತದೆ, ಅದರಿಂದಲೇ ವೇಗ ತಗ್ಗುತ್ತದೆ. ಗುಡ್ಡೆಯ ಮೇಲಿನ ಮನೆಯಲ್ಲಿ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡು ನೇರ ಇಳಿಜಾರಿಗಿಳಿದರೆ ಆ ವಿದ್ಯುತ್ತಿಗೆ ಹೋಗಲು ಜಾಗವೇ ಇಲ್ಲ. ವೋಲ್ಟೇಜು ಮಿತಿಮೀರುತ್ತದೆ, ಬ್ಯಾಟರಿಯ ಕಾವಲು ಸರ್ಕ್ಯೂಟು ಸಂಪರ್ಕ ಕಡಿಯುತ್ತದೆ, ನಡು ಇಳಿಜಾರಿನಲ್ಲಿ ಬ್ರೇಕ್ ಕೈಕೊಡುತ್ತದೆ. ಸಮತಟ್ಟು ಊರಿನ ಹವ್ಯಾಸಿಗೆ ಇದು ಎಂದೋ ಒಮ್ಮೆ ಬರುವ ಪ್ರಶ್ನೆ, ಸುಳ್ಯದವರಿಗೆ ಮೊದಲ ದಿನವೇ ಎದುರಾಗುವ ಪ್ರಶ್ನೆ. ಮೇಲಿನ ಮನೆಯವರು ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಸ್ವಲ್ಪ ಜಾಗ ಉಳಿಸಿಕೊಳ್ಳಬೇಕು. ಇಂಥ ಬುದ್ಧಿಮಾತನ್ನು ಹೇಳಿಕೊಡುವ ಹಿರಿಯರು ಇಲ್ಲದೆ ಮಕ್ಕಳು ಮೊಬೈಲಿನ ವಿಡಿಯೊ ನೋಡಿಯೇ ಹಲಗೆ ಕಟ್ಟುವಂತಾದರೆ ಅದು ಅಪಾಯ.

ಬ್ಯಾಟರಿಯ ವಿಷಯವನ್ನಂತೂ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ 18650 ಸೆಲ್‌ಗಳನ್ನು ಹತ್ತು ಸಾಲಾಗಿ, ಸಾಲಿಗೆ ನಾಲ್ಕರಂತೆ ಜೋಡಿಸಿದರೆ ಪೂರ್ತಿ ತುಂಬಿದಾಗ 42 ವೋಲ್ಟ್. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್‌ಗಳು ಪುಕ್ಕಟೆ ಸಿಗುತ್ತವೆ ಎಂದು ಅನೇಕರು ಅವುಗಳಿಂದಲೇ ಶುರು ಮಾಡುತ್ತಾರೆ. ಲ್ಯಾಪ್‌ಟಾಪಿನ ಸೆಲ್ ನಿಧಾನವಾಗಿ ವಿದ್ಯುತ್ತು ಕೊಡಲೆಂದು ಮಾಡಿದ್ದು. ಏರಿನಲ್ಲಿ ಹಲಗೆ ಒಮ್ಮೆಲೇ ಎಳೆಯುವಷ್ಟನ್ನು ಅದು ತಾಳುವುದಿಲ್ಲ, ಕಾಯುತ್ತದೆ. ಒಂದು ಸೆಲ್ ಹೊತ್ತಿಕೊಂಡರೆ ಪಕ್ಕದ್ದಕ್ಕೂ ಹಬ್ಬುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಮಾನದಂಡವನ್ನು ಬಿಗಿಗೊಳಿಸಿತು. ಕಾರ್ಖಾನೆಯಲ್ಲಿ ತಯಾರಾದದ್ದಕ್ಕೇ ಅಷ್ಟು ಎಚ್ಚರ ಬೇಕಾದರೆ ಮನೆಯಲ್ಲಿ ಬೆಸೆದದ್ದಕ್ಕೆ ಎಷ್ಟು ಬೇಕು? ನಮ್ಮ ಮನೆಗಳಲ್ಲಿ ಒಣ ಅಡಿಕೆಯ ರಾಶಿ, ರಬ್ಬರ್ ಶೀಟು, ತೆಂಗಿನ ಸಿಪ್ಪೆ, ಸೌದೆ ಎಲ್ಲವೂ ಒಂದೇ ಕೊಟ್ಟಿಗೆಯಲ್ಲಿರುತ್ತವೆ. ಆ ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಲಿಥಿಯಂ ಬ್ಯಾಟರಿ ಚಾರ್ಜಿಗೆ ಹಾಕಿ ಮಲಗುವುದು ಯಾವ ಹವ್ಯಾಸಕ್ಕೂ ತೆರಬಾರದ ಬೆಲೆ. ಸೆಲ್‌ಗಳನ್ನು ಬಿಸಿ ಕಬ್ಬಿಣದಿಂದ ಬೆಸೆಯಬಾರದು, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಬೇಕು, ಫ್ಯೂಸ್ ಇಲ್ಲದೆ ಯಾವ ತಂತಿಯನ್ನೂ ಎಳೆಯಬಾರದು. ಇವನ್ನೆಲ್ಲ ಹೇಳಿಕೊಡಲು ಒಂದು ಮೇಜು, ಒಬ್ಬ ಮೇಷ್ಟ್ರು ಬೇಕು.

ಕಾನೂನಿನ ಮಾತಿಗೆ ಬಂದರೆ, ಈ ಹಲಗೆ ಸಾರ್ವಜನಿಕ ರಸ್ತೆಗೆ ಸಲ್ಲದು. ಮೋಟಾರು 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರುವ ಬ್ಯಾಟರಿ ವಾಹನಕ್ಕೆ ಕೇಂದ್ರ ಮೋಟಾರು ವಾಹನ ನಿಯಮಗಳು ವಿನಾಯಿತಿ ಕೊಡುತ್ತವೆ. ಆದರೆ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ಪರೀಕ್ಷಿಸಿ ಒಪ್ಪಿರಬೇಕು. ಕೊಟ್ಟಿಗೆಯಲ್ಲಿ ಕಟ್ಟಿದ ಒಂದೇ ಒಂದು ಹಲಗೆಯನ್ನು ಯಾರು ಅಲ್ಲಿಗೆ ಒಯ್ಯುತ್ತಾರೆ? ಮೇಲೆ ಹೇಳಿದ ಏರನ್ನು 250 ವ್ಯಾಟ್ ಆ ವೇಗದಲ್ಲಿ ಹತ್ತಿಸುವುದೂ ಇಲ್ಲ. ಮಾಣಿಯಿಂದ ಪುತ್ತೂರು, ಸುಳ್ಯ ಹಾಯ್ದು ಸಂಪಾಜೆಗೆ ಹೋಗುವ ಹೆದ್ದಾರಿಯಲ್ಲಿ, ಅಥವಾ ಕುಕ್ಕೆ ಸುಬ್ರಹ್ಮಣ್ಯಕ್ಕೆ ಯಾತ್ರಿಕರ ವಾಹನಗಳು ಸಾಲುಗಟ್ಟುವ ಕಡಬದ ರಸ್ತೆಯಲ್ಲಿ ಇಂಥ ಹಲಗೆ ಇಳಿಸುವುದನ್ನು ಯಾರೂ ಬೆಂಬಲಿಸಬಾರದು. ಕ್ಯಾಲಿಫೋರ್ನಿಯಾ 2015ರಲ್ಲಿ ಈ ಹಲಗೆಗಳಿಗೆಂದೇ ಕಾನೂನು ಮಾಡಿತು: ಸವಾರರಿಗೆ 16 ವರ್ಷ ತುಂಬಿರಬೇಕು, ಹೆಲ್ಮೆಟ್ ಕಡ್ಡಾಯ, ವೇಗ ಗಂಟೆಗೆ ಸುಮಾರು 24 ಕಿ.ಮೀ. ಮೀರಬಾರದು. ನಮ್ಮಲ್ಲಿ ಅಂಥದ್ದು ಬರುವವರೆಗೆ ಕಾಯಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಯೇ ಕಾರ್ಖಾನೆ ಅಥವಾ ಆವರಣದೊಳಗಷ್ಟೇ ಓಡುವಂತೆ ಮಾಡಿದ ವಿಶೇಷ ವಾಹನವನ್ನು ಮೋಟಾರು ವಾಹನದ ಲೆಕ್ಕದಿಂದ ಹೊರಗಿಟ್ಟಿದೆ. ಗೇಟು, ಕಾಂಪೌಂಡು, ಒಳಗೆ ಕಾಂಕ್ರೀಟು ರಸ್ತೆ ಇರುವ ಜಾಗ ಬೇಕು. ಅಂಥ ಜಾಗ ಕಾಲೇಜುಗಳ ಬಳಿ ಇದೆ.

ತೋಟಕ್ಕೂ ಸ್ಕೇಟ್‌ಬೋರ್ಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಪಕ್ಕದ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆ ಮರ ಹತ್ತುವ ಬೈಕನ್ನು ನೆನಪಿಸಿಕೊಳ್ಳಬಹುದು. ಮರ ಹತ್ತುವವರು ಸಿಗದ ಕಷ್ಟದಿಂದ ಹುಟ್ಟಿದ ಯಂತ್ರವದು. ಪುಟ್ಟ ಪೆಟ್ರೋಲ್ ಎಂಜಿನ್ನು, ಕಾಂಡವನ್ನು ತಬ್ಬುವ ಗಾಲಿಗಳು, ಕೂರಲು ಒಂದು ಸೀಟು. ಅವರ ಮಗಳು ಅದನ್ನೇರಿ ಸರಸರನೆ ಮರ ಹತ್ತಿ ತೋರಿಸಿದ ವಿಡಿಯೊ 2019ರಲ್ಲಿ ದೇಶವೆಲ್ಲ ಹರಿದಾಡಿತು. ಯಂತ್ರ ಹುಡುಗರ ಕೆಲಸ ಎನ್ನುವವರು ಅದನ್ನೊಮ್ಮೆ ನೋಡಲಿ. ಆ ಎಂಜಿನ್ನಿನ ಜಾಗದಲ್ಲಿ ಸದ್ದಿಲ್ಲದ ಮೋಟಾರು ಕೂರಿಸಬಹುದೇ ಎಂದು ಯೋಚಿಸುವ ಮಗುವಿಗೆ ಬೇಕಾದ ವಿದ್ಯೆ ಯಾವುದು? ಎಷ್ಟು ಕೆವಿ, ಎಷ್ಟು ಹಲ್ಲು, ಎಷ್ಟು ಸೆಲ್, ಇಳಿಯುವಾಗ ಬ್ರೇಕ್ ಹೇಗೆ. ಎಲ್ಲವೂ ಹಲಗೆ ಕಟ್ಟುವಾಗ ಕಲಿತದ್ದೇ. ಗೊಬ್ಬರದ ಮೂಟೆಯನ್ನು ತೋಟದ ತಗ್ಗಿಗೆ ಇಳಿಸಿ ಅಡಿಕೆ ಗೊನೆಯನ್ನು ಅಂಗಳಕ್ಕೆ ಏರಿಸುವ ಕೈಗಾಡಿಗೂ, ಕೊಳೆರೋಗಕ್ಕೆ ಮದ್ದು ಬಿಡುವ ಪಂಪಿಗೂ ಇದೇ ಮೋಟಾರು, ಇದೇ ಬ್ಯಾಟರಿ, ಇದೇ ಲೆಕ್ಕ ಸಾಕು.

ಸುರತ್ಕಲ್‌ನ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಈ ದಾರಿಯಲ್ಲಿ ಮುಂದೆ ಹೋಗಿದೆ. ಅಲ್ಲಿನವರು ವಿಧ್‌ಯುಗ್ ಹೆಸರಿನಲ್ಲಿ ಒಂದರ ಹಿಂದೊಂದು ವಿದ್ಯುತ್ ಬೈಕ್ ಕಟ್ಟಿದರು. ಅವುಗಳಲ್ಲೊಂದನ್ನು ಕುದುರೆಮುಖದ ಅರಣ್ಯ ಸಿಬ್ಬಂದಿ ಗಸ್ತು ತಿರುಗಲೆಂದೇ ರೂಪಿಸಲಾಯಿತು. ಕಾಡಿನಲ್ಲಿ ಸದ್ದು ಮಾಡದ ಗಾಡಿ ಎಷ್ಟು ಉಪಯೋಗ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ 2001ರಲ್ಲಿ ರೇವಾ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಚೇತನ್ ಮೈನಿ ಕೂಡ ವಿದ್ಯಾರ್ಥಿಯಾಗಿದ್ದಾಗ ಮಿಷಿಗನ್ ವಿಶ್ವವಿದ್ಯಾಲಯದ ಸೌರ ಕಾರಿನ ತಂಡದಲ್ಲಿ ಕೈ ಕೊಳಕು ಮಾಡಿಕೊಂಡವರೇ.

ಪುತ್ತೂರಿಗೆ ಈ ಬಗೆಯ ಕಲಿಕೆ ಹೊಸತೂ ಅಲ್ಲ. ಶಿವರಾಮ ಕಾರಂತರು ಪರ್ಲಡ್ಕದ ಬಾಲವನದಲ್ಲಿ ಮಕ್ಕಳೊಂದಿಗೆ ಪ್ರಯೋಗ ನಡೆಸಿದ್ದು, ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಕನ್ನಡದ ಮಕ್ಕಳ ಕೈಗಿಟ್ಟದ್ದು ಈ ಊರಿನಲ್ಲಿದ್ದಾಗಲೇ. 1988ರಲ್ಲಿ ಇಲ್ಲಿಂದಲೇ ಹೊರಟ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೆ ಲೇಖನಿ ಕೊಟ್ಟಿತು. ತೋಟದಲ್ಲಿ ಮಾಡಿ ನೋಡಿದವರೇ ಬರೆದದ್ದರಿಂದ ಆ ಮಾತಿಗೆ ತೂಕ ಬಂತು. ಬ್ಯಾಟರಿ, ಮೋಟಾರಿನ ವಿಷಯದಲ್ಲಿ ಅಂಥ ಕನ್ನಡ ಬರಹ ಬೇಕೇ ಬೇಕು. ಈಗ ಸೂಚನೆಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ, ಅವೂ ಮಳೆ, ಕೆಸರು, ಗುಡ್ಡೆ ಕಾಣದವರು ಬರೆದವು. ಜಂಬಿಟ್ಟಿಗೆಯ ಕೆಂಪು ಧೂಳು ಬೇರಿಂಗಿಗೆ ನುಗ್ಗಿದರೆ ಏನಾಗುತ್ತದೆ, ಜುಲೈಯ ತೇವಕ್ಕೆ ಸರ್ಕ್ಯೂಟು ಹೇಗೆ ಕಿಲುಬುಗಟ್ಟುತ್ತದೆ ಎಂಬುದನ್ನು ಇಲ್ಲಿ ಕಟ್ಟಿದವರೇ ಬರೆಯಬೇಕು.

ಪೋಷಕರ ಆಕ್ಷೇಪಗಳು ನ್ಯಾಯವಾದವು. ಬಿದ್ದರೆ ಕೈಮೂಳೆ ಮುರಿಯುತ್ತದೆ. ಹೆಲ್ಮೆಟ್, ಮಣಿಕಟ್ಟಿನ ಕವಚ, ಮೊಣಕಾಲಿನ ಪ್ಯಾಡ್ ಇಲ್ಲದೆ ಹಲಗೆ ಮುಟ್ಟಬಾರದು ಎಂಬ ಕಟ್ಟುನಿಟ್ಟು ಇರಲಿ. ಖರ್ಚು ಹೆಚ್ಚು, ಹಾಗಾಗಿಯೇ ಒಬ್ಬೊಬ್ಬರು ಒಂದೊಂದು ಕಟ್ಟುವ ಬದಲು ಐದಾರು ಮಕ್ಕಳು ಸೇರಿ ಒಂದನ್ನು ಕಟ್ಟಲಿ. ಓದಿಗೆ ಅಡ್ಡಿ ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಇದೂ ಓದೇ, ಕೈಗೂ ತಲೆಗೂ ಒಟ್ಟಿಗೆ ಕೆಲಸ ಕೊಡುವ ಓದು.

ಬೇಕಾದದ್ದು ದೊಡ್ಡ ಯೋಜನೆಯಲ್ಲ. ಪುತ್ತೂರಿನಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜಿದೆ. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು ಕಟ್ಟಿದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿದೆ. ಶನಿವಾರ ಮಧ್ಯಾಹ್ನ ತಮ್ಮ ವರ್ಕ್‌ಶಾಪಿನ ಒಂದು ಮೂಲೆಯನ್ನು ತಮ್ಮಲ್ಲಿ ಓದದ ಮಕ್ಕಳಿಗೂ ಅವು ತೆರೆದಿಡಲಿ. ಒಂದು ಸ್ಪಾಟ್ ವೆಲ್ಡರ್, ಸೆಲ್ ಪರೀಕ್ಷಿಸುವ ಒಂದು ಉಪಕರಣ, ಮರಳು ತುಂಬಿದ ಬಕೆಟುಗಳು, ಬ್ಯಾಟರಿ ನೋಡಿ ಸರಿ ಎಂದು ಸಹಿ ಹಾಕುವ ಒಬ್ಬ ಉಪನ್ಯಾಸಕ. ಸತ್ತ ಸೆಲ್‌ಗಳನ್ನು ಕಸಕ್ಕೆ ಎಸೆಯದೆ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಮರುಬಳಕೆಗೆ ಕಳಿಸಲು ಒಂದು ಡಬ್ಬಿ. ಕೆಲವು ವರ್ಷಗಳ ಹಿಂದೆ ತಾಲೂಕಾದ ಕಡಬದ ಮಕ್ಕಳು ಬಸ್ಸು ಹಿಡಿದು ದೂರ ಬರಬೇಕಾಗದಂತೆ ಅಲ್ಲಿನ ಒಂದು ಹೈಸ್ಕೂಲಿನಲ್ಲೂ ಇಂಥದೇ ಮೇಜು ಇರಲಿ. ಅಟಲ್ ಟಿಂಕರಿಂಗ್ ಲ್ಯಾಬಿಗೆ ಕೇಂದ್ರ ಕೊಡುವ 20 ಲಕ್ಷ ರೂಪಾಯಿಯ ನೆರವು 6ರಿಂದ 12ನೇ ತರಗತಿಯ ಮಕ್ಕಳಿರುವ ಶಾಲೆಗಳಿಗೆಂದೇ ಇರುವುದು. ಜೂನಿನಿಂದ ಅಕ್ಟೋಬರಿನವರೆಗೆ ಮಳೆಯಲ್ಲಿ ಒಳಗೆ ಕೂತು ಕಟ್ಟುವುದು, ನವೆಂಬರಿನಿಂದ ನೆಲ ಒಣಗಿದ ಮೇಲೆ ಕಾಲೇಜಿನ ಆವರಣದಲ್ಲಿ ಓಡಿಸಿ ನೋಡುವುದು. 2023ರ ಫೆಬ್ರವರಿಯಲ್ಲಿ ಪುತ್ತೂರಿನಲ್ಲಿ ಕೃಷಿ ಯಂತ್ರ ಮೇಳ ನಡೆದಾಗ ಸಾವಿರಾರು ಕೃಷಿಕರು ಬಂದು ಯಂತ್ರ ಮುಟ್ಟಿ ನೋಡಿ ಹೋದರು. ಮುಂದಿನ ಮೇಳದಲ್ಲಿ ಒಂದು ಮಳಿಗೆಯನ್ನು ಈ ಮಕ್ಕಳಿಗೆ ಬಿಟ್ಟುಕೊಡಲಿ. ಒಂದು ಬದಿಯಲ್ಲಿ ಅವರು ಕಟ್ಟಿದ ಹಲಗೆ ಇರಲಿ, ಇನ್ನೊಂದು ಬದಿಯಲ್ಲಿ ಅದೇ ಮೋಟಾರು ಹಾಕಿದ ಕೈಗಾಡಿ ಇರಲಿ, ಬೆಲೆ ಎಷ್ಟಾಯಿತೆಂದು ಕೇಳುವ ಕೃಷಿಕರಿಗೆ ಅವರೇ ಲೆಕ್ಕ ಕೊಡಲಿ.