ಗೃಹಸ್ಥಧರ್ಮ: ವಿಮಾಪತ್ರದಲ್ಲಿ ಉಳಿದುಹೋದ ಹೆಸರು



ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಕೇಳದವರು ನಮ್ಮ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ವಿರಳ. ನುಡಿ ಒಂದೇ, ಅರ್ಥ ಹಲವು. ರೈತನು ಅದರಲ್ಲಿ ಮಳೆಬೆಳೆಯನ್ನು ಕಾಣುತ್ತಾನೆ, ವರ್ತಕನು ಧಾರಣೆಯನ್ನು ಕಾಣುತ್ತಾನೆ. ದೈವವಾಣಿಗೆ ಅದು ಭೂಷಣವೇ ಸರಿ. ಆದರೆ ಮನೆಯ ಪೆಟ್ಟಿಗೆಯಲ್ಲಿರುವ ವಿಮಾಪತ್ರಕ್ಕೆ ಇಂಥ ನಾನಾರ್ಥವು ಸಲ್ಲದು.

ಕಳೆದ ಭರತ ಹುಣ್ಣಿಮೆಯ ಜಾತ್ರೆಗೆ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರು ನಮ್ಮಲ್ಲಿ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಬಳಿಕ ಹೇಳಿದರು: "ಶಾಸ್ತ್ರಿಗಳೇ, ಮಗಳ ವಿಚ್ಛೇದನ ಮುಗಿದು ಮೂರು ವರ್ಷವಾಯಿತು. ಮೊಮ್ಮಗನಿಗೆ ಎಂಟು ವರ್ಷ. ಮೊನ್ನೆ ಅವಳ ಪಾಲಿಸಿ ತೆಗೆದು ನೋಡಿದರೆ ನಾಮಿನಿಯ ಜಾಗದಲ್ಲಿ ಇನ್ನೂ ಅವರ ಹೆಸರೇ ಇದೆ. ಕೋರ್ಟಿನ ತೀರ್ಪಿನಿಂದ ಅದು ತಾನಾಗಿಯೇ ಅಳಿಸಿಹೋಗುವುದಿಲ್ಲವೇ?"

ಅಳಿಸಿಹೋಗುವುದಿಲ್ಲ. ಇದನ್ನು ತಿಳಿಯದವರು ಅವರೊಬ್ಬರೇ ಅಲ್ಲವಾದ್ದರಿಂದ ಈ ತಿಂಗಳ ಬರಹವನ್ನು ಇದಕ್ಕೇ ಮೀಸಲಿಡುತ್ತಿದ್ದೇವೆ.

ವಿಚ್ಛೇದನವೆಂಬ ಮಾತನ್ನು ಆಡಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಈಗಲೂ ಉಂಟು. ಆದರೆ ಕಾನೂನು ಎಂದೋ ನಮ್ಮನ್ನು ಹೆಸರಿಸಿಯೇ ಮಾತನಾಡಿದೆ. 1955ರ ಹಿಂದೂ ವಿವಾಹ ಕಾಯಿದೆಯ 2ನೆಯ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನು ಸ್ಪಷ್ಟವಾಗಿ ಹೇಳಿ ನಮ್ಮನ್ನು ತನ್ನ ವ್ಯಾಪ್ತಿಗೆ ತಂದುಕೊಂಡಿದೆ. 1956ರ ಉತ್ತರಾಧಿಕಾರ ಕಾಯಿದೆಯೂ ಹಾಗೆಯೇ. ವಿಚ್ಛೇದನದ ತೀರ್ಪಾದ ಮೇಲೆ ಗಂಡಹೆಂಡಿರು ಪರಸ್ಪರ ವಾರಸುದಾರರಾಗಿ ಉಳಿಯುವುದಿಲ್ಲ. ಮಕ್ಕಳ ಹಕ್ಕು ಮಾತ್ರ ಕಡಿಯುವುದಿಲ್ಲ. ತಂದೆಗೂ ತಾಯಿಗೂ ಅವರು ವಾರಸುದಾರರೇ.

ಆದರೆ ವಿಮಾ ಸಂಸ್ಥೆಯ ದಫ್ತರವು ನ್ಯಾಯಾಲಯದ ದಫ್ತರವನ್ನು ಓದುವುದಿಲ್ಲ. 1938ರ ವಿಮಾ ಕಾಯಿದೆಯ 39ನೆಯ ಕಲಮಿನಂತೆ ಪಾಲಿಸಿದಾರನು ಯಾವಾಗ ಬೇಕಾದರೂ ನಾಮಿನಿಯನ್ನು ಬದಲಾಯಿಸಬಹುದು. ಆದರೆ ಆ ಬದಲಾವಣೆಯ ಲಿಖಿತ ಸೂಚನೆ ಸಂಸ್ಥೆಗೆ ತಲುಪದಿದ್ದರೆ, ದಾಖಲೆಯಲ್ಲಿರುವ ಹಳೆಯ ನಾಮಿನಿಗೆ ಪ್ರಾಮಾಣಿಕವಾಗಿ ಹಣ ಕೊಟ್ಟ ಸಂಸ್ಥೆಯು ಋಣಮುಕ್ತವಾಗುತ್ತದೆ. ಉಯಿಲಿನಲ್ಲಿ ಬದಲಿಸಿ ಪೆಟ್ಟಿಗೆಯಲ್ಲಿಟ್ಟರೂ ಇದೇ ಮಾತು.

ಹಾಗಾದರೆ ಹಣ ಕೈಗೆ ಬಂದವನು ಅದರ ಒಡೆಯನೇ? 1983ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲವೆಂದಿತು. ನಾಮಿನಿಯು ಹಣವನ್ನು ಪಡೆದುಕೊಳ್ಳುವವನು ಮಾತ್ರ, ಅದು ಸೇರಬೇಕಾದ್ದು ವಾರಸುದಾರರಿಗೆ. 2015ರ ತಿದ್ದುಪಡಿಯು ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಗಳಾದಾಗ ಅವರೇ ಹಣದ ಫಲಾನುಭವಿಗಳೆಂದು ಹೇಳಿದ್ದರಿಂದ ಮತ್ತೆ ಗೊಂದಲ ಹುಟ್ಟಿತು.

ಈ ಗೊಂದಲವು ನಮ್ಮ ನಾಡಿನಲ್ಲಿಯೇ ವಿಚಾರಣೆಗೆ ಬಂದಿತು. ಒಬ್ಬ ಯುವಕನು ಮದುವೆಗೆ ಮುನ್ನ ಪಾಲಿಸಿ ಮಾಡಿಸಿ ತಾಯಿಯನ್ನು ನಾಮಿನಿ ಮಾಡಿದ್ದನು. ಮದುವೆಯಾಯಿತು, ಮಗು ಹುಟ್ಟಿತು, ಹೆಸರು ಬದಲಾಗಲಿಲ್ಲ. 2019ರಲ್ಲಿ ಅವನು ತೀರಿಕೊಂಡನು. ಅತ್ತೆಯೂ ಸೊಸೆಯೂ ನ್ಯಾಯಾಲಯದಲ್ಲಿ ಎದುರುಬದುರಾದರು. 2025ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು, ವಾರಸುದಾರರು ಹಕ್ಕು ಕೇಳಿದಾಗ ನಾಮಿನಿಯ ಹಕ್ಕು ಉತ್ತರಾಧಿಕಾರ ಕಾಯಿದೆಯನ್ನು ಮೀರುವುದಿಲ್ಲವೆಂದು ಹೇಳಿ, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಕೊಟ್ಟಿತು. ನ್ಯಾಯವು ದೊರೆಯಿತು, ನಿಜ. ಆದರೆ ಎಷ್ಟು ವರ್ಷಗಳ ಬಳಿಕ! ಸತ್ತವನು ಒಂದು ಅರ್ಜಿ ಬರೆದಿದ್ದರೆ ಆ ಮನೆಗೆ ಆ ಅಲೆದಾಟವೇ ಇರುತ್ತಿರಲಿಲ್ಲ.

ಶಿಕ್ಷಕರ ಮಗಳ ವಿಷಯವು ಇದಕ್ಕಿಂತ ಸೂಕ್ಷ್ಮವಾದುದು. ಅವಳಿಗೆ ಏನಾದರೂ ಆದರೆ ವಾರಸುದಾರನು ಎಂಟು ವರ್ಷದ ಆ ಬಾಲಕ. ಹಣ ಹೋಗುವುದು ಹಳೆಯ ನಾಮಿನಿಗೆ, ಅಂದರೆ ಅವನ ತಂದೆಗೆ. ಮಗು ಯಾರ ಮೇಲೆ ದಾವೆ ಹೂಡಬೇಕು? ತಂದೆಯ ಮೇಲೆಯೇ! ಆದುದರಿಂದ ಮಗನ ಹೆಸರು ಬರೆಸಿದರಷ್ಟೇ ಸಾಲದು. ನಾಮಿನಿಯು ಅಪ್ರಾಪ್ತ ವಯಸ್ಕನಾಗಿದ್ದರೆ, ಅವನ ಪರವಾಗಿ ಹಣ ಸ್ವೀಕರಿಸುವವರನ್ನು ಪಾಲಿಸಿದಾರರೇ ನೇಮಿಸಬೇಕೆಂದು ಅದೇ 39ನೆಯ ಕಲಮು ಅವಕಾಶ ಕೊಟ್ಟಿದೆ. ಅಜ್ಜನೋ, ಸೋದರಮಾವನೋ, ನಂಬಿಕೆಯುಳ್ಳ ಒಬ್ಬರ ಹೆಸರನ್ನು ಅವರ ಒಪ್ಪಿಗೆಯೊಡನೆ ಬರೆಸಬೇಕು.

ಇನ್ನು ಮಾಡಬೇಕಾದ ಕೆಲಸ. ಎಲ್ಲ ಪಾಲಿಸಿಗಳನ್ನೂ ಒಂದೆಡೆ ತೆಗೆದಿಡಿರಿ. ಜೀವ ವಿಮಾ ನಿಗಮದ ಪಾಲಿಸಿಯನ್ನು ಬದಲಿಸಿದ ಮಾತ್ರಕ್ಕೆ ಉಳಿದವು ಬದಲಾಗುವುದಿಲ್ಲ. ಸರ್ಕಾರಿ ನೌಕರರು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಪಾಲಿಸಿ, ಗುಂಪು ವಿಮೆ, ಭವಿಷ್ಯ ನಿಧಿ, ಪಿಂಚಣಿ ಇವೆಲ್ಲಕ್ಕೂ ಬೇರೆ ಬೇರೆ ಅರ್ಜಿ ಕೊಡಬೇಕು. ಬ್ಯಾಂಕಿನ ಖಾತೆಯಿಂದ ವರ್ಷಕ್ಕೆ 436 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯನ್ನು ರೈತ ಬಂಧುಗಳು ಮರೆಯುವುದುಂಟು. ಅಲ್ಲಿಯೂ 2 ಲಕ್ಷ ರೂಪಾಯಿಯ ಮೇಲೆ ಒಬ್ಬರ ಹೆಸರು ಕುಳಿತಿರುತ್ತದೆ. ಅರ್ಜಿ ಕೊಟ್ಟು ಬರಿಗೈಯಲ್ಲಿ ಮರಳಬೇಡಿರಿ. ನೋಂದಾಯಿಸಿದ್ದಕ್ಕೆ ಲಿಖಿತ ಸ್ವೀಕೃತಿ ಪಡೆದು ಪಾಲಿಸಿಯೊಡನೆ ಇಡಿರಿ.

ಒಂದು ವಿನಾಯಿತಿಯನ್ನು ನೆನಪಿಡಬೇಕು. 1874ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ 6ನೆಯ ಕಲಮಿನಡಿ ಗಂಡನು ಹೆಂಡತಿಮಕ್ಕಳ ಹಿತಕ್ಕಾಗಿ ಮಾಡಿಸಿದ ಪಾಲಿಸಿಯು ಅವರಿಗಾಗಿ ಇರುವ ನ್ಯಾಸವೆನಿಸುತ್ತದೆ. ಸಾಮಾನ್ಯ ನಾಮಿನಿಯಂತೆ ಅದನ್ನು ಅವನು ತನ್ನಿಚ್ಛೆಯಂತೆ ತಿದ್ದಲಾರನು. ಅಂಥ ಪಾಲಿಸಿ ಇದ್ದರೆ ಮೊದಲು ವಕೀಲರನ್ನು ಕಾಣಿರಿ. ಪರಸ್ಪರ ಒಪ್ಪಿಗೆಯಿಂದ ಬೇರೆಯಾಗುವವರಂತೂ, ಮಕ್ಕಳ ಪಾಲಿಸಿಯ ಕಂತನ್ನು ಯಾರು ಕಟ್ಟಬೇಕು, ಹಣ ಯಾರಿಗೆ ಸೇರಬೇಕು ಎಂಬುದನ್ನು ಒಪ್ಪಂದದಲ್ಲಿಯೇ ಬರೆಸುವುದು ಜಾಣತನ. ಜೀವನಾಂಶ ಕೊಡುವವನು ತೀರಿಹೋದಾಗ ಮಗುವಿನ ಶಾಲೆ ನಿಲ್ಲಬಾರದಷ್ಟೇ. ಇಡೀ ಕುಟುಂಬಕ್ಕೆಂದು ಮಾಡಿಸಿದ ಆರೋಗ್ಯ ವಿಮೆಯಿಂದ ಹೊರಬೀಳುವ ಹೆಣ್ಣುಮಗಳು ತಡಮಾಡದೆ ತನ್ನದೇ ಪಾಲಿಸಿ ಮಾಡಿಸಿಕೊಳ್ಳತಕ್ಕದ್ದು.

ಹೆಸರು ತೆಗೆಯುವುದು ಹಗೆ ಸಾಧಿಸಿದಂತಾಗದೇ ಎಂದು ಕೆಲವರು ಅಳುಕುತ್ತಾರೆ. ಹಾಗಲ್ಲ. ಮಗುವನ್ನು ಸಾಕುತ್ತಿರುವ ಹಿಂದಿನ ಸಂಗಾತಿಗೇ ಹಣ ಸೇರಲಿ ಎಂಬ ಮನಸ್ಸಿದ್ದರೆ, ಅದನ್ನೇ ಇಂದಿನ ತಾರೀಖಿನಲ್ಲಿ ಹೊಸದಾಗಿ ಬರೆಸಿರಿ, ಉಯಿಲಿನಲ್ಲಿಯೂ ಹೇಳಿರಿ. ತಪ್ಪಿರುವುದು ಹೆಸರಿನಲ್ಲಲ್ಲ, ಮರೆವಿನಿಂದ ಅದು ಉಳಿದುಹೋಗುವುದರಲ್ಲಿ. ಕಾಯಕದಿಂದ ಬಂದದ್ದು ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಬೇಕು. ಅದನ್ನು ಆಕಸ್ಮಿಕಕ್ಕೆ ಬಿಡುವುದು ಗೃಹಸ್ಥಧರ್ಮವಲ್ಲ.

ಆ ಶಿಕ್ಷಕರು ಎದ್ದು ಹೊರಡುವಾಗ, "ಸೋಮವಾರವೇ ಮಗಳನ್ನು ಕರೆದುಕೊಂಡು ಹೋಗುತ್ತೇನೆ" ಎಂದರು. ಓದುಗರಾದ ತಾವೂ ಇಂದು ರಾತ್ರಿ ಪೂಜೆ ಮುಗಿಸಿದ ಮೇಲೆ ಒಮ್ಮೆ ಪೆಟ್ಟಿಗೆಯನ್ನು ತೆರೆದು, ಅಲ್ಲಿ ಯಾರ ಹೆಸರಿದೆಯೆಂದು ನೋಡಿಕೊಳ್ಳಬೇಕೆಂದು ವಿನಂತಿ.